ಮೊದಲು ಗಾಳಿ ಬರತೈತಿ

ದಿನಕ್ಕ ಅರ್ಧ ಲೀಟರ್, ಅಂದ್ರು ಡಾಕ್ಟರ್.
ಚಾ, ಸಾರು, ಮಜ್ಜಿಗಿ, ಗುಳಿಗಿ ನುಂಗೂ ಗುಟುಕು
ಎಲ್ಲಾ ಅದರಾಗ.
ನಂಗ ನಗಿ ಬಂತು.
ಮೂವತ್ತೊಂದು ವರ್ಷ ಈ ವಿಜಾಪುರಕ್ಕ
ನೀರು ಅಳದು ಕೊಟ್ಟಾಂವ ನಾನು, ವಾಲ್ವ್‌ಮನ್ ಸಾಯಬಣ್ಣ.
ಜೋರಾಪುರ ಪೇಟಿಗೆ ಒಂದೂವರಿ ತಾಸು,
ಶಾಪೇಟಿಗೆ ಎರಡು,
ದಿಬ್ಬದ ಮ್ಯಾಲಿನ ಓಣಿಗೆ, ಏರಿದಷ್ಟು ಏರಲಿ ಅಂತ,
ಯಾರಿಗೂ ಹೇಳದ ಹದಿನೈದು ಮಿನಿಟು.
ಎಂಟು ದಿನಕ್ಕೊಮ್ಮೆ. ಬ್ಯಾಸಿಗ್ಯಾಗ ಹನ್ನೆರಡು.

ಈಗ ನನ್ನ ಪಾಳಿ.
ಮಂಗಳವಾರ, ಶುಕ್ರವಾರ, ನಾಕ ನಾಕ ತಾಸು
ಎರಡು ಸೂಜಿ ಚುಚ್ಚಿಸಿಕೊಂಡು ಮಲಗತೀನಿ.
ರಕ್ತ ನಳಿಗುಂಟ ಹೊರಗ ಹೋಗಿ
ಜಳಕ ಮಾಡಿಸಿಕೊಂಡ ಹುಡುಗನ ಗತೆ ತಿರುಗಿ ಬರತೈತಿ.
ಪಂಪಿನ ಸಪ್ಪಳದಾಗ ಗೊತ್ತಾಗತೈತಿ ನಂಗ
ಪ್ರೆಷರ್ ಬಿದ್ದೈತೋ, ಎಲ್ಲೋ ಪೈಪ್ ಮಡಚೈತೋ.
ಒಮ್ಮೆ ಮಶೀನು ಕೂಗೂಕಿಂತ ಮೊದಲ ಹೇಳಿದೆ.
ಸಿಸ್ಟರ್ ಎಸ್ತೇರಮ್ಮ ಸೊಂಟದ ಮ್ಯಾಲೆ ಕೈ ಇಟ್ಟು
"ಕಾಕಾ, ಇಲ್ಲೇ ನೌಕರಿ ಹಿಡೀರಿ" ಅಂದ್ಲು.

ಬಾಜೂಕಿನ ಕಾಟಿನ ಮ್ಯಾಲೆ ಇಂಡಿಯ ಸಿರಾಜ.
ಇಪ್ಪತ್ತಾರು ವರ್ಷ, ಮೊಬೈಲ್ ರಿಪೇರಿ ಅಂಗಡಿ,
ಮಾರಿ ಯಾವತ್ತೂ ಗ್ವಾಡಿ ಕಡೆ.
"ಇದು ಎಂದು ಮುಗಿತೈತಿ, ಕಾಕಾ?"
ನೀರು ಎಂದು ಬರತೈತಿ ಅಂತ ಕೇಳಿದ ಮಂದಿಗೆ
ಗೊತ್ತಿಲ್ಲದ್ದನ್ನ ನಾಳೆ ಅಂದಾಂವ ಅಲ್ಲ ನಾನು.
ಅವಗೂ ಅನ್ನಲಿಲ್ಲ.
ಕಾಶೀಬಾಯಿ ಕೊಡದ ಸುದ್ದಿ ಹೇಳಿದೆ.

ಒಂದು ಬ್ಯಾಸಿಗಿ. ಕೊಲ್ಹಾರದ ಮೋಟಾರು ಸುಟ್ಟಿತ್ತು,
ಭೂತನಾಳ ಕೆರಿ ಬಿರದು ಹಪ್ಪಳ ಆಗಿತ್ತು.
ಹತ್ತೊಂಬತ್ತು ದಿನ.
ನಳದ ಮುಂದ ಪಾಳಿ: ಪ್ಲಾಸ್ಟಿಕ್ ಕೊಡ, ಎಣ್ಣಿ ಡಬ್ಬಿ,
ಒಂದು ಕಲ್ಲು, ಒಂಟಿ ಚಪ್ಪಲಿ.
ಎಲ್ಲಾದಕ್ಕೂ ಮುಂದ ಮುದುಕಿಯ ಹಿತ್ತಾಳಿ ಕೊಡ.
ದಿನಾ ಮುಂಜಾನಿ ಬಂದು
ಸೆರಗಲೇ ಧೂಳು ಒರಸತಿದ್ಲು, ಒಳಗೂ.
"ಆಯಿ, ಮನಿಗೆ ಒಯ್ಯಿ. ಬಂದಾಗ ಕೂಗತೀನಿ."
"ಬಂದಾಗ ಕೊಡ ತೊಳಕೋಂತ ಕುಂಡ್ರಲೇನೋ?"

ಇಪ್ಪತ್ತನೆಯ ರಾತ್ರಿ, ಪೌಣೆ ಮೂರಕ್ಕ,
ಭುಜದಷ್ಟೆತ್ತರದ ಚಾವಿ ಇಳಿಸಿ ಒಂಬತ್ತು ಸುತ್ತು ತಿರುವಿದೆ.
ಏನೂ ಇಲ್ಲ.
ಆಮ್ಯಾಲೆ ನಳ ಕೆಮ್ಮಿತು.
ಬುಸ್ ಅಂತು.
ಒಬ್ಬಾಕಿ "ಬರೇ ಗಾಳಿ" ಅಂತ ನಳ ಬಂದ್ ಮಾಡಾಕ ಹೋದ್ಲು.
ನಾ ಒದರಿದೆ: "ಬಂದ್ ಮಾಡಬ್ಯಾಡ್ರೆವಾ!
ಗಾಳಿ ಸುಮ್ಮನ ಬರೂದಿಲ್ಲ,
ಹಿಂದಿಂದ ಯಾರೋ ನೂಕಾಕತ್ತಾರ."
ತುಕ್ಕಿನ ಕೆಂಪು ಉಗುಳಿತು ಮೊದಲು.
ಆಮ್ಯಾಲೆ ಹಿತ್ತಾಳಿ ಕೊಡದ ತಳಕ್ಕ ನೀರು ಬಿದ್ದ ಸಪ್ಪಳ;
ಇಡೀ ಓಣಿ ದೀಪ ಹಚ್ಚಿತು.

ಸಿರಾಜ ಏನೂ ಅನ್ನಲಿಲ್ಲ.
ಶುಕ್ರವಾರ ಕೇಳಿದ:
"ಬರೇ ಗಾಳಿನೇ ಬಂದದ್ದು ಇಲ್ಲೇನು, ಕಾಕಾ?"
ಸಿಕ್ಕಿಬಿದ್ದೆ.
ಬಂದೈತಿ, ಅಂದೆ. ಮೂರು ಸಲ. ನಾಕೂ ಇರಬಹುದು.
"ಆಗ?"
ಒಂಬತ್ತು ಸುತ್ತು ಮುಚ್ಚತಿದ್ದೆ,
ಬೀಡಿ ಸೇದತಿದ್ದೆ,
ಮತ್ತ ಒಂಬತ್ತು ಸುತ್ತು ತೆರಿತಿದ್ದೆ.
ಅವ ನಕ್ಕ.
"ಬೀಡಿ ಬಂದ್ ಮಾಡ್ಯಾರಲ್ಲ, ಈಗೇನು ಮಾಡತೀರಿ?"
ಈ ಕಡೆ ಮಾರಿ ಮಾಡಿ ಕೇಳಿದ. ಅದನ್ನ ಲಕ್ಷ್ಯ ಇಟ್ಟು ನೋಡಿದೆ.

ಮನ್ಯಾಗ ನೀಲವ್ವ ಶೀಸೆಗೆ ಗೆರಿ ಹಾಕ್ಯಾಳ:
ಮುಂಜಾನಿ, ಮಧ್ಯಾಹ್ನ, ಸಂಜಿ.
ಕಡೀ ಎರಡು ಗುಟುಕು ನಾನು ಮುಚ್ಚಿಡತೀನಿ.
ಪೌಣೆ ಮೂರಕ್ಕ ಈಗಲೂ ಎಚ್ಚರಾಗತೈತಿ,
ಬ್ಯಾರೆ ಯಾರದೋ ಕೈಯಾಗ ಚಾವಿ ಇದ್ದರೂ.
ಒಂದು ಗುಟುಕು ಬಾಯಾಗ ಹಿಡಕೊಂಡು
ಅಂಗಳದ ನಳ ಒಂದೀಟು ಸಡಲ ಮಾಡತೀನಿ,
ಕಿವಿ ಹಚ್ಚತೀನಿ.

"ನಮ್ಮ ಪಾಳಿ ಇನ್ನೂ ಐದು ದಿನ ಐತಿ,
ಹುಚ್ಚು ಹಿಡದೈತೇನು ನಿಮಗ?"
ಬೈತಾಳ ನೀಲವ್ವ, ಹೊಸ್ತಿಲದಾಗ ನಿಂತು.
ಬೈಕೋತ ಬೈಕೋತ
ಕೊಡ ಒರಸತಾಳ.